ಜಲಪಾತದಿಂದ ಲಾವಾಬಂಡೆಯವರೆಗೆ: ಹೊಸೂರಿನಿಂದ ಮೂರು ದಿನದ ಟೆಂಟ್ ಪ್ರವಾಸ

ಹೊಗೇನಕಲ್ಲಿಗೆ ಹೊರಡುವ ಮನೆಯವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳ ಹೊರಹರಿವಿನ ಅಂಕಿ. ಮಳೆಗಾಲ ಪೂರ್ತಿ ಕನ್ನಡ ಪತ್ರಿಕೆಗಳಲ್ಲಿ ಅದು ದಿನವೂ ಅಚ್ಚಾಗುತ್ತದೆ. ಅಲ್ಲಿ ಬಿಟ್ಟ ನೀರು ಬಿಳಿಗುಂಡ್ಲು ದಾಟಿ ಹೊಗೇನಕಲ್ಲಿಗೆ ಬರಲು ಒಂದೆರಡು ದಿನ ಹಿಡಿಯುತ್ತದೆ. ಹೊಸೂರಿನಲ್ಲಿ ಬಿಸಿಲು ಕಾಯುತ್ತಿರಬಹುದು, ಪೆನ್ನಾಗರದಲ್ಲಿ ಒಂದು ಹನಿಯೂ ಬಿದ್ದಿರಲಿಕ್ಕಿಲ್ಲ. ಆದರೂ ಕೊಡಗಿನಲ್ಲೋ ವಯನಾಡಿನಲ್ಲೋ ಸುರಿದ ಮಳೆ ನಿಮ್ಮ ಪ್ರವಾಸದ ದಿನವೇ ಬಂಡೆಗಳ ನಡುವೆ ನುಗ್ಗಿ ಬರಬಹುದು. ಹರಿಗೋಲು ಹತ್ತುವ ಆಸೆಯಿಂದ ಮಕ್ಕಳನ್ನು ಕರೆದುಕೊಂಡು ಹೋಗಿ, ನಿಷೇಧದ ಫಲಕ ನೋಡಿ ಹಿಂದಿರುಗುವ ಕುಟುಂಬಗಳು ಪ್ರತಿ ವರ್ಷವೂ ಇವೆ. ಎರಡು ದಿನ ಹಿಂದಿನ ಪತ್ರಿಕೆಯನ್ನು ತಿರುವಿ ಹಾಕಿದ್ದರೆ ಆ ನಿರಾಸೆ ಇರುತ್ತಿರಲಿಲ್ಲ.

ಇಲ್ಲಿ ಹೇಳಹೊರಟಿರುವುದು ಮೂರು ದಿನದ ಸುತ್ತಾಟದ ವಿಷಯ. ಹೊಸೂರಿನಿಂದ ಹೊರಟು ಕಾವೇರಿಯ ಜಲಪಾತ, ಅಲ್ಲಿಂದ ಕೃಷ್ಣಗಿರಿಯ ಬಯಲಿನಲ್ಲಿ ಟೆಂಟ್ ವಾಸ, ಕೊನೆಯ ದಿನ ಕೋಲಾರ ಚಿನ್ನದ ಗಣಿಯ ಕಡೆ ಹೋಗಿ 270 ಕೋಟಿ ವರ್ಷ ಹಿಂದೆ ಜ್ವಾಲಾಮುಖಿ ಉಗುಳಿದ ಬಂಡೆಗಳನ್ನು ನೋಡಿ ವಾಪಸು. ಜಲಪಾತ, ಜ್ವಾಲಾಮುಖಿ ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಲು ಹವಾಯಿಗೋ ಐಸ್‌ಲ್ಯಾಂಡಿಗೋ ಹೋಗಬೇಕು ಎಂದುಕೊಂಡಿರುವ ಮಕ್ಕಳಿಗೆ ನಮ್ಮ ನೆಲವನ್ನು ಪರಿಚಯ ಮಾಡಿಕೊಡಬೇಕು ಎಂಬುದು ನನ್ನ ಆಸೆ. ಇಲ್ಲಿ ಬೆಂಕಿ ಆರಿದೆ, ನಿಜ. ಆದರೆ ಅದು ಬಿಟ್ಟುಹೋದ ಕಲ್ಲು ಕೈಗೆ ಸಿಗುತ್ತದೆ.

ಯಾವಾಗ ಹೋಗಬೇಕು? ನವೆಂಬರ್ ಕೊನೆಯಿಂದ ಡಿಸೆಂಬರ್ ಕೊನೆಯವರೆಗಿನ ಅವಧಿಯೇ ಒಳ್ಳೆಯದು ಎಂದು ನನಗನ್ನಿಸುತ್ತದೆ. ತಮಿಳುನಾಡಿನ ಶಾಲೆಗಳಿಗೆ ಅರ್ಧವಾರ್ಷಿಕ ಪರೀಕ್ಷೆಯ ರಜೆಯೂ ಆಗ ಬರುತ್ತದೆ. ನೈರುತ್ಯ ಮಳೆಯ ಪ್ರವಾಹ ಇಳಿದಿರುತ್ತದೆ, ನದಿಯಲ್ಲಿ ನೀರು ಮಾತ್ರ ಇನ್ನೂ ಇರುತ್ತದೆ. ಬೇಸಿಗೆಯ ಮಾತೇ ಬೇರೆ. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದರಿಂದ 2024ರ ಬೇಸಿಗೆಯಲ್ಲಿ ಹೊಗೇನಕಲ್ಲಿನ ಹರಿವು ಕೆಲವು ನೂರು ಕ್ಯೂಸೆಕ್‌ಗೆ ಇಳಿದು, ಬಂಡೆಗಳೇ ಎದ್ದು ಕಾಣುತ್ತಿದ್ದವು. 2018 ಮತ್ತು 2022ರ ಆಗಸ್ಟ್‌ನಲ್ಲಿ ಇದೇ ಜಾಗದಲ್ಲಿ ಹರಿವು ಲಕ್ಷ ಕ್ಯೂಸೆಕ್ ದಾಟಿ, ಜಲಪಾತ ಎಂಬುದೇ ಮುಳುಗಿ ಒಂದೇ ಕೆಂಪು ಹೊಳೆಯಾಗಿತ್ತು. ಆಗಸ್ಟ್ ಮೊದಲ ವಾರದ ಆಡಿ ಹದಿನೆಂಟರ ಹಬ್ಬಕ್ಕೆ ನದಿಗೆ ನಮಸ್ಕರಿಸಲು ಹೋಗುವವರು ಹೋಗಲಿ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಸುತ್ತಲು ಹೊರಟವರಿಗೆ ಆ ಜನಜಂಗುಳಿ ಹೇಳಿಸಿದ್ದಲ್ಲ.

ನದಿಯ ಲೆಕ್ಕ

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. ಹತ್ತು ಸಾವಿರ ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೂ 2.8 ಲಕ್ಷ ಲೀಟರ್. ಕಾವೇರಿ ತಮಿಳುನಾಡಿಗೆ ಪ್ರವೇಶಿಸುವ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಎರಡು ರಾಜ್ಯಗಳ ನೀರಿನ ಹಂಚಿಕೆಯ ಲೆಕ್ಕ ಆಗುವುದೇ ಅಲ್ಲಿ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ವರ್ಷಕ್ಕೆ 177.25 ಟಿಎಂಸಿ ನೀರು ಬಿಡಬೇಕೆಂದು ಹೇಳಿದ್ದೂ ಇದೇ ಜಾಗದ ಲೆಕ್ಕದಲ್ಲಿ. ಹೊಸೂರು, ಧರ್ಮಪುರಿ ಕಡೆಯ ತಮಿಳು ಪತ್ರಿಕೆಗಳು ಹೊಗೇನಕಲ್ ಹರಿವನ್ನೂ ಮೆಟ್ಟೂರಿನ ಒಳಹರಿವನ್ನೂ ವರದಿ ಮಾಡುತ್ತವೆ. ಈ ಎರಡು ಅಂಕಿಗಳ ಜೊತೆಗೆ ಮೇಲಿನ ಎರಡು ಜಲಾಶಯಗಳ ಹೊರಹರಿವು ಗೊತ್ತಿದ್ದರೆ ನದಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮನೆಯಲ್ಲೇ ತಿಳಿಯುತ್ತದೆ. ಏರುತ್ತಿದ್ದರೆ ಪ್ರವಾಸವನ್ನು ಒಂದು ವಾರ ಮುಂದಕ್ಕೆ ಹಾಕಿ. ಎಷ್ಟು ಕ್ಯೂಸೆಕ್‌ಗೆ ಸ್ನಾನ, ಹರಿಗೋಲು ನಿಲ್ಲಿಸಬೇಕು ಎಂಬುದನ್ನು ಧರ್ಮಪುರಿ ಜಿಲ್ಲಾಡಳಿತ ತೀರ್ಮಾನಿಸುತ್ತದೆ. ನಿಷೇಧವಿದ್ದಾಗ "ಪಕ್ಕದ ದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ" ಎನ್ನುವವರು ಸಿಗುತ್ತಾರೆ. ಅವರ ಹಿಂದೆ ಹೋಗಬೇಡಿ.

ಹೊಸೂರಿನಿಂದ ಎರಡು ದಾರಿಗಳಿವೆ. ಡೆಂಕಣಿಕೋಟೆ, ಅಂಚೆಟ್ಟಿ ಮೇಲೆ ಹೋದರೆ ಸುಮಾರು 90 ಕಿ.ಮೀ. ಕಾಡಿನ ನಡುವೆ ಇಳಿಯುವ ಸುಂದರ ದಾರಿ. ಡೆಂಕಣಿಕೋಟೆಯಿಂದ ಅಂಚೆಟ್ಟಿಯವರೆಗೂ ಕನ್ನಡದಲ್ಲೇ ದಾರಿ ಕೇಳಬಹುದು, ಟೀ ಅಂಗಡಿಯಲ್ಲಿ ಕನ್ನಡದಲ್ಲೇ ಉತ್ತರ ಸಿಗುತ್ತದೆ. ಇನ್ನೊಂದು ರಾಯಕೋಟೆ, ಪಾಲಕ್ಕೋಡು, ಪೆನ್ನಾಗರಂ ದಾರಿ. ಇದು ಉದ್ದ, ಆದರೆ ಊರುಗಳ ನಡುವೆ ಸಾಗುತ್ತದೆ. ಹೋಗುವಾಗ ಬೆಳಗಿನ ಹೊತ್ತು ಅಂಚೆಟ್ಟಿ ದಾರಿ, ಬರುವಾಗ ಪೆನ್ನಾಗರಂ ದಾರಿ ಎಂದು ಇಟ್ಟುಕೊಳ್ಳಿ. ಅಂಚೆಟ್ಟಿ ದಾರಿಯಲ್ಲಿ ಸಂಜೆಯ ಮೇಲೆ ಗಾಡಿ ಓಡಿಸಬಾರದು, ಆನೆಗಳು ರಸ್ತೆ ದಾಟುವ ಹೊತ್ತು ಅದು. ಮಧ್ಯೆ ಪೆಟ್ರೋಲ್ ಸಿಗುತ್ತದೆ ಎಂದು ನಂಬಿಕೊಳ್ಳದೆ ಡೆಂಕಣಿಕೋಟೆಯಲ್ಲೇ ತುಂಬಿಸಿಕೊಳ್ಳಿ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಹೊಗೇನಕಲ್ ಮುನ್ನೂರಕ್ಕಿಂತ ಕೆಳಗೆ. ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಹೊರಟ ಅಜ್ಜ ಅಜ್ಜಿಯರು ಮಧ್ಯಾಹ್ನ ಬೆವರುತ್ತಾ ಕೂರುತ್ತಾರೆ. ಅವರಿಗೆ ತೆಳು ಹತ್ತಿಬಟ್ಟೆ ಬೇರೆಯಾಗಿ ತೆಗೆದಿಡಿ.

ಹೊಗೇನಕಲ್ಲನ್ನು ಒಂದೇ ಜಲಪಾತ ಎಂದುಕೊಂಡು ಹೋಗುವವರಿಗೆ ಅಲ್ಲಿ ಆಶ್ಚರ್ಯ ಕಾದಿರುತ್ತದೆ. ಕಾವೇರಿ ಇಲ್ಲಿ ಬಂಡೆಗಳ ನಡುವೆ ಹತ್ತಾರು ಸೀಳಾಗಿ ಒಡೆದು, ಬೇರೆ ಬೇರೆ ಎತ್ತರದಿಂದ ಇಕ್ಕಟ್ಟಾದ ಕಣಿವೆಗೆ ಬೀಳುತ್ತದೆ. ಹರಿಗೋಲು ಆ ಕಣಿವೆಯ ಗೋಡೆಗಳ ನಡುವೆ ಸಾಗುತ್ತದೆ. ಹುಟ್ಟು ಹಾಕುವವರು ಪೀಳಿಗೆಗಳಿಂದ ಇದೇ ಕೆಲಸದಲ್ಲಿರುವ ಕುಟುಂಬಗಳವರು, ನೀರಿನ ಸುಳಿ ಎಲ್ಲಿದೆ ಎಂಬುದು ಅವರಿಗೆ ಕೈರೇಖೆಯಷ್ಟು ಪರಿಚಿತ. ಅವರ ಮಾತು ಮೀರಬೇಡಿ. ಚೀಟಿಯನ್ನು ಸರ್ಕಾರದ ಕೌಂಟರಿನಲ್ಲೇ ತೆಗೆದುಕೊಳ್ಳಿ, ಎಷ್ಟು ಹೊತ್ತು, ಎಲ್ಲಿಯವರೆಗೆ ಎಂಬುದನ್ನು ಹತ್ತುವ ಮೊದಲೇ ಕೇಳಿಕೊಳ್ಳಿ.

ಜೀವರಕ್ಷಕ ಅಂಗಿಯ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಬಾಡಿಗೆಗೆ ಸಿಗುವ ಅಂಗಿಗಳು ಹೆಚ್ಚಾಗಿ ದೊಡ್ಡವರ ಅಳತೆಯವು. ಐದು ವರ್ಷದ ಮಗುವಿಗೆ ಅದನ್ನು ತೊಡಿಸಿದರೆ ನೀರಿಗೆ ಬಿದ್ದಾಗ ಅಂಗಿ ಮೇಲಕ್ಕೇರಿ ಮಗು ಕೆಳಕ್ಕೆ ಜಾರುತ್ತದೆ. ತೊಡೆಸಂದಿಯ ಪಟ್ಟಿ ಇರುವ ಮಕ್ಕಳ ಅಂಗಿಯನ್ನು ಕೊಂಡು ಜೊತೆಗೆ ಒಯ್ಯಿರಿ, ಒಂದು ಹೊತ್ತಿನ ಹೋಟೆಲ್ ಊಟಕ್ಕಿಂತ ಅದಕ್ಕೆ ಹಣ ಹಾಕುವುದು ಮೇಲು. ತೊಡಿಸಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಅಂಗಿ ಮಗುವಿನ ಕಿವಿಯವರೆಗೆ ಬಂದರೆ ಅದು ಸಡಿಲ. ಪಾಚಿ ಕಟ್ಟಿದ ಬಂಡೆಯ ಮೇಲೆ ಚಪ್ಪಲಿ ಜಾರುತ್ತದೆ. ಹಿಂದೆ ಪಟ್ಟಿ ಇರುವ, ಅಡಿಯಲ್ಲಿ ಗೀರುಗಳಿರುವ ಸ್ಯಾಂಡಲ್ ಬೇಕು. ಎಣ್ಣೆ ಮಾಲೀಶು ಮಾಡಿಸಿಕೊಂಡವರು ಹಾಗೇ ನೀರಿಗೆ ಇಳಿಯುವುದರಿಂದ ಬಂಡೆ ಇನ್ನಷ್ಟು ಜಾರುತ್ತದೆ. ಸ್ನಾನಕ್ಕೆಂದು ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಇಳಿಯಬಾರದು. ಮೇಲೆ ಶಾಂತವಾಗಿ ಕಾಣುವ ಮಡುವಿನ ಅಡಿಯಲ್ಲಿ ಸೆಳೆತ ಇರುತ್ತದೆ, ಕಾವೇರಿಯ ಈ ಭಾಗದಲ್ಲಿ ಮೊಸಳೆಗಳೂ ಇವೆ. ಸೆಲ್ಫಿ ತೆಗೆಯುವವರ ಬೆನ್ನು ನೀರಿನ ಕಡೆಗಿರುತ್ತದೆ. ಮನೆಯ ದೊಡ್ಡವರಲ್ಲಿ ಒಬ್ಬರು ಫೋಟೊಕ್ಕೂ ಊಟಕ್ಕೂ ಸೇರದೆ ಮಕ್ಕಳ ತಲೆ ಎಣಿಸುತ್ತಾ ನಿಲ್ಲಲೇಬೇಕು. ಸರದಿಯ ಮೇಲೆ ನಿಂತರೆ ಯಾರಿಗೂ ಬೇಸರವಾಗುವುದಿಲ್ಲ.

ಮಧ್ಯಾಹ್ನಕ್ಕೆ ಅಲ್ಲೇ ಮೀನು ಕೊಂಡು, ಹುರಿದು ಕೊಡುವ ಹೆಂಗಸರ ಕೈಯಲ್ಲಿ ಮಸಾಲೆ ಹಾಕಿಸಿಕೊಂಡು ತಿನ್ನುವುದು ಆ ಊರಿನ ರೂಢಿ. ಸಸ್ಯಾಹಾರಿಗಳು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗುವುದು ಒಳಿತು. ಮಕ್ಕಳಿಗೆ ಒಂದು ವಿಷಯ ಹೇಳಿ: ಹೊಸೂರು, ಕೃಷ್ಣಗಿರಿಯ ಮನೆಗಳ ನಲ್ಲಿಗೆ ಬರುವ ಕುಡಿಯುವ ನೀರು ಇಲ್ಲಿಯದೇ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಹಳದಿಗಟ್ಟಿ, ಮೂಳೆ ಬಾಗಿದ ಜನರನ್ನು ಹಳ್ಳಿಗಳಲ್ಲಿ ನೋಡಿದವರಿಗೆ ಆ ಸಂಕಟ ಗೊತ್ತು. ಜಪಾನಿನ ನೆರವಿನಿಂದ ಕಟ್ಟಿದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಉದ್ಘಾಟನೆಯಾದದ್ದು ಅದಕ್ಕಾಗಿಯೇ. ನೀರನ್ನು ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಟೆಂಟ್ ಹಾಕುವ ಕಡೆಗೆ ಕುಡಿಯುವ ನೀರನ್ನು ಮನೆಯಿಂದಲೇ ಕ್ಯಾನುಗಳಲ್ಲಿ ಒಯ್ಯಬೇಕು.

ಟೆಂಟ್ ಹಾಕುವುದೆಲ್ಲಿ

ಹೊಳೆಯ ದಡದಲ್ಲಿ, ಕಾಡಿನ ಅಂಚಿನಲ್ಲಿ ಟೆಂಟ್ ಹಾಕಬೇಕು ಎಂಬ ಆಸೆ ಎಲ್ಲರಿಗೂ ಇರುತ್ತದೆ. ಅದನ್ನು ಬಿಟ್ಟುಬಿಡಿ. ಕಾವೇರಿ ಉತ್ತರ ವನ್ಯಜೀವಿಧಾಮವನ್ನು ತಮಿಳುನಾಡು 2014ರಲ್ಲಿ ಘೋಷಿಸಿತು. 2022ರ ನವೆಂಬರ್‌ನಲ್ಲಿ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ 686 ಚದರ ಕಿ.ಮೀ. ಕಾಡನ್ನು ಕಾವೇರಿ ದಕ್ಷಿಣ ವನ್ಯಜೀವಿಧಾಮ ಎಂದು ಸೇರಿಸಿತು. ಆಚೆ ದಡದಲ್ಲಿ ಕರ್ನಾಟಕದ ಕಾವೇರಿ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಇಲ್ಲಿಗೆ ಕಾಲಿಡುವುದೇ ಅಪರಾಧ, ರಾತ್ರಿ ಉಳಿಯುವುದು ದೂರದ ಮಾತು. ಕಾನೂನನ್ನು ಪಕ್ಕಕ್ಕಿಟ್ಟರೂ ಕಾರಣ ಸ್ಪಷ್ಟವಿದೆ. ಬನ್ನೇರುಘಟ್ಟದ ಕಡೆಯಿಂದ ಬರುವ ಆನೆ ಹಿಂಡುಗಳು ತಳಿ, ಜವಳಗಿರಿ, ಡೆಂಕಣಿಕೋಟೆ, ಸಾನಮಾವು ಕಾಡುಗಳಲ್ಲಿ ಸುತ್ತಾಡುವುದು ರಾಗಿ ಬಲಿತು ಕೊಯ್ಲಿಗೆ ಬರುವ ಕಾಲದಲ್ಲಿ. ನಮಗೆ ಹಿತವಾದ ಚಳಿಗಾಲವೇ ಅವುಗಳ ಸುಗ್ಗಿ. ರಾತ್ರಿ ರಾಗಿ ಹೊಲ ಕಾಯುತ್ತಾ ಜೀವ ಕಳೆದುಕೊಂಡ ರೈತರಿರುವ ಸೀಮೆ ಇದು. ಅಲ್ಲಿ ವಿನೋದಕ್ಕೆ ಟೆಂಟ್ ಹಾಕುವುದು ಆನೆಗೂ ಕಷ್ಟ, ಊರಿನವರಿಗೂ ಕಷ್ಟ.

ಹಾಗಾದರೆ ಎಲ್ಲಿ? ಕೃಷ್ಣಗಿರಿ ಸುತ್ತಿನ ಮಾವಿನ ತೋಪುಗಳಲ್ಲಿ. ಜಿಲ್ಲೆಯ ಈ ಭಾಗದಲ್ಲಿ ತೋಪಿಲ್ಲದ ನೆಂಟರು ಸಿಗುವುದು ಕಷ್ಟ. ನೆಂಟರಿಲ್ಲದಿದ್ದರೆ ಸಹೋದ್ಯೋಗಿಗಳ ಊರಿನವರು, ಹಾಲು ಹಾಕುವವರ ಅಣ್ಣನೋ ಭಾವನೋ ಯಾರಾದರೂ ಇದ್ದೇ ಇರುತ್ತಾರೆ. ಕಾಡಿನಿಂದ ದೂರವಿರುವ, ಮನೆಯೂ ಶೌಚಾಲಯವೂ ಹತ್ತಿರದಲ್ಲಿರುವ ತೋಪನ್ನು ಆರಿಸಿಕೊಳ್ಳಿ. ಮನೆಯ ಹೆಂಗಸರು, ವಯಸ್ಸಾದವರು ನೆಮ್ಮದಿಯಾಗಿರಬೇಕಾದರೆ ಶೌಚಾಲಯದ ವಿಷಯವನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು, ಅಲ್ಲಿ ಹೋಗಿ ನೋಡೋಣ ಎನ್ನಬಾರದು. ಮಾವು ಹೂ ಬಿಡುವ ಡಿಸೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಜಿಗಿಹುಳುವಿಗೆ ಔಷಧಿ ಹೊಡೆಯುತ್ತಾರೆ. ಇತ್ತೀಚೆಗೆ ಹೊಡೆದಿದ್ದಾರೆಯೇ, ಹೊಡೆಯುವುದಿದೆಯೇ ಎಂದು ಕೇಳದೆ ಮಕ್ಕಳನ್ನು ಮರದ ಕೆಳಗೆ ಮಲಗಿಸಬೇಡಿ. ಏಪ್ರಿಲ್‌ನಿಂದ ಜುಲೈವರೆಗೆ ಕಾಯಿ ಕಾಯುವವರೂ ಕೀಳುವವರೂ ಓಡಾಡುತ್ತಿರುತ್ತಾರೆ. ಆಗ ಹೋಗಿ ಅವರ ಕೆಲಸಕ್ಕೆ ಅಡ್ಡಿಯಾಗುವುದು ಸರಿಯಲ್ಲ. ತೋಪಿನ ಯಜಮಾನರಿಗೆ ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಕ್ಕಿಲ್ಲ. ಹಣ್ಣು ಹಂಪಲು, ಮಕ್ಕಳಿಗೊಂದು ಪುಸ್ತಕ, ಅಜ್ಜಿಗೊಂದು ಸೀರೆ ಒಯ್ಯಿರಿ.

ತೋಪಿನ ನೆಲ ಮೊರಮ್ಮು ಮಣ್ಣು, ಚಳಿಗಾಲದಲ್ಲಿ ಕಲ್ಲಿನಂತಾಗಿರುತ್ತದೆ. ಟೆಂಟಿನ ಜೊತೆ ಕೊಡುವ ಅಲ್ಯೂಮಿನಿಯಂ ಗೂಟಗಳು ಅದರಲ್ಲಿ ಬಾಗಿ ಹೋಗುತ್ತವೆ. ಕಮ್ಮಾರರ ಹತ್ತಿರ ಒಂದು ಗೇಣು ಉದ್ದದ ಕಬ್ಬಿಣದ ಗೂಟ ಮಾಡಿಸಿಕೊಂಡು, ಒಂದು ಸುತ್ತಿಗೆ ಜೊತೆಗಿಟ್ಟುಕೊಂಡರೆ ಬಹಳ ವರ್ಷ ಬರುತ್ತದೆ. ನಾಲ್ಕು ಜನರ ಟೆಂಟ್ ಎಂದು ಮಾರುವುದರಲ್ಲಿ ಸಾಮಾನಿನ ಸಮೇತ ಆರಾಮಾಗಿ ಮಲಗುವವರು ಇಬ್ಬರು ದೊಡ್ಡವರು, ಒಂದು ಮಗು. ಮಾವಿನ ಒಣಕೊಂಬೆಯ ಕೆಳಗೆ, ತೆಂಗಿನ ಮರದ ಕೆಳಗೆ, ಒಣಗಿದ ಹಳ್ಳದಲ್ಲಿ ಟೆಂಟ್ ಹಾಕಬಾರದು. ಟಾರ್ಪಾಲನ್ನು ಕೆಳಗೆ ಹಾಸುವಾಗ ಟೆಂಟಿಗಿಂತ ಸ್ವಲ್ಪ ಚಿಕ್ಕದಾಗಿ ಮಡಚಿ. ಹೊರಗೆ ಚಾಚಿದರೆ ಇಬ್ಬನಿಯ ನೀರು ಅದರ ಮೇಲೆ ಹರಿದು ಒಳಗೆ ಬರುತ್ತದೆ. ಡಿಸೆಂಬರಿನಲ್ಲಿ ಇಬ್ಬನಿ ಎಷ್ಟು ಬೀಳುತ್ತದೆಂದರೆ ಬೆಳಿಗ್ಗೆ ಟೆಂಟಿನ ಮೇಲ್ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಕಂಬಳಿಗಳು ತಲೆಗೊಂದಕ್ಕಿಂತ ಹೆಚ್ಚು ಬೇಕು, ಒಂದು ಕೆಳಗೆ, ಒಂದು ಮೇಲೆ. ನೆಲದ ತಂಪು ಗಾಳಿಯ ಚಳಿಗಿಂತ ಹೆಚ್ಚು ಕಾಡುತ್ತದೆ. ಮೊಣಕಾಲು ನೋವಿರುವ ಹಿರಿಯರಿಗೆ ಮಡಚುವ ಮಂಚವನ್ನೋ ತೋಟದ ಮನೆಯ ಜಗಲಿಯನ್ನೋ ಗೊತ್ತುಮಾಡಿ.

ಹಾವಿನ ವಿಷಯವನ್ನು ಹೆದರಿಸದೆ, ಆದರೆ ಬಿಚ್ಚಿ ಹೇಳಬೇಕು. ನೆಲದ ಮೇಲೆ ಮಲಗಿದವರಿಗೆ ರಾತ್ರಿ ಕಡಿಯುವುದು ಹೆಚ್ಚಾಗಿ ಕಟ್ಟುಹಾವು. ಅದರ ಕಡಿತಕ್ಕೆ ನೋವೂ ಊತವೂ ಅಷ್ಟಾಗಿ ಇರುವುದಿಲ್ಲ, ಇರುವೆ ಕಚ್ಚಿತೇನೋ ಎಂದುಕೊಂಡು ಮಲಗಿಬಿಡುತ್ತಾರೆ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗದಿರುವುದು, ನುಂಗಲಾಗದಿರುವುದು ಶುರುವಾಗುತ್ತದೆ. ಟೆಂಟಿನ ಜಿಪ್ಪನ್ನು ಹಗಲಿನಲ್ಲೂ ಮುಚ್ಚಿರಬೇಕು ಎನ್ನುವುದು ಇದಕ್ಕೆ. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ, ಕಾಲಿಗೆ ಷೂ ಇಲ್ಲದೆ ಹೊರಗೆ ಹೆಜ್ಜೆಯಿಡಬಾರದು. ಬೆಳಿಗ್ಗೆ ಷೂ ಕೊಡವಿ ಹಾಕಿಕೊಳ್ಳಬೇಕು. ಕೊಳಕುಮಂಡಲ ಒಣ ಎಲೆಗಳ ನಡುವೆ ಕಾಣದಂತೆ ಮಲಗಿರುತ್ತದೆ, ಟೆಂಟಿನ ಸುತ್ತ ಎಲೆ ಗುಡಿಸಿಬಿಡಿ. ಕಡಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಕಡಿದ ಕೈಕಾಲನ್ನು ಅಲುಗದಂತೆ ಮರದ ಪಟ್ಟಿಗೆ ಸಡಿಲವಾಗಿ ಕಟ್ಟಿ, ನಡೆಸದೆ, 108ಕ್ಕೆ ಕರೆ ಮಾಡಿ ಇಲ್ಲವೇ ಸ್ವಂತ ಗಾಡಿಯಲ್ಲಿ ಸರ್ಕಾರಿ ಆಸ್ಪತ್ರೆಗೆ ಸಾಗಿಸಿ. ಕೃಷ್ಣಗಿರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ತೋಪಿನಿಂದ ಅಲ್ಲಿಗೆ ದಾರಿ ಯಾವುದು ಎಂಬುದನ್ನು ಹಗಲಲ್ಲೇ ನೋಡಿಟ್ಟುಕೊಂಡಿರಬೇಕು.

ಅಡುಗೆಗೆ ಸಣ್ಣ ಗ್ಯಾಸ್ ಒಲೆ ಸಾಕು. ರಾಗಿ ಹುಲ್ಲಿನ ಬಣವೆ ಹತ್ತಿರವಿರುವ ಕಡೆ ಕಟ್ಟಿಗೆಯ ಬೆಂಕಿ ಹಾಕುವ ಯೋಚನೆಯನ್ನೇ ಮಾಡಬೇಡಿ. ಒಂದು ಕಿಡಿ ಹಾರಿದರೆ ಆ ಮನೆಯ ದನಗಳ ಬೇಸಿಗೆಯ ಮೇವು ಹೋಯಿತು. ಡಿಸೆಂಬರೆಂದರೆ ಅವರೆಕಾಯಿ ಕಾಲ. ಮಕ್ಕಳನ್ನೆಲ್ಲ ಸುತ್ತ ಕೂರಿಸಿ ಅವರೆ ಸುಲಿಸಿದರೆ ಸಂಜೆ ಕಳೆಯುತ್ತದೆ, ರಾತ್ರಿಗೆ ಸಾರೂ ಆಗುತ್ತದೆ. ಮುದ್ದೆ ಕಟ್ಟುವವರಿದ್ದರೆ ಕೋಲು, ಪಾತ್ರೆ ಮರೆಯದೆ ಒಯ್ಯಿರಿ. ಬೆಳಗಿನ ತಿಂಡಿಗೆ ಗೊಜ್ಜವಲಕ್ಕಿ, ದಾರಿಗೆ ಹುರಿಹಿಟ್ಟು. ತಮಿಳುನಾಡಿನಲ್ಲಿ 2019ರ ಜನವರಿಯಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ನಿಷೇಧವಿದೆ. ಸ್ಟೀಲ್ ತಟ್ಟೆ ಲೋಟ ಇಟ್ಟುಕೊಳ್ಳಿ, ಇಲ್ಲವೇ ಮುತ್ತುಗದ ಎಲೆ.

ತೋಪು ಸಿಗದವರಿಗೆ, ನದಿಯ ಪಕ್ಕದಲ್ಲೇ ಕ್ಯಾನ್ವಾಸಿನ ಕೆಳಗೆ ಮಲಗಬೇಕೆನ್ನುವವರಿಗೆ ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಗಾಳಿಬೋರೆ, ಭೀಮೇಶ್ವರಿ ಶಿಬಿರಗಳಿವೆ. ಗಾಳಿಬೋರೆಗೆ ಹೊಸೂರಿನಿಂದ ಆನೇಕಲ್, ಹಾರೋಹಳ್ಳಿ, ಕನಕಪುರದ ಮೇಲೆ ಸಂಗಮ ತಲುಪಿ ಅಲ್ಲಿಂದ ಕಾಡಿನ ದಾರಿಯಲ್ಲಿ ಹೋಗಬೇಕು. ಟೆಂಟ್, ಊಟ, ಕಾವಲು ಎಲ್ಲ ಅವರದೇ. ಖರ್ಚು ಹೆಚ್ಚು, ಚಿಂತೆ ಕಡಿಮೆ. ರಜೆಯ ದಿನಗಳಿಗೆ ಬಹಳ ಮೊದಲೇ ಕಾಯ್ದಿರಿಸಬೇಕು. ಸಂಗಮದ ಹತ್ತಿರದ ಮೇಕೆದಾಟು ನೋಡಲು ಚೆಂದ, ಇಳಿಯಲು ಅಲ್ಲ. ಆ ಬಂಡೆಗಳ ನಡುವಿನ ಮಡುಗಳಲ್ಲಿ ಮುಳುಗಿದ ಯುವಕರ ಸುದ್ದಿ ಪದೇ ಪದೇ ಓದುತ್ತಲೇ ಇದ್ದೇವೆ. ಗೋಪಿನಾಥಂ ಶಿಬಿರ ಭೂಪಟದಲ್ಲಿ ಹೊಗೇನಕಲ್ಲಿನ ಎದುರಿಗೇ ಕಾಣುತ್ತದೆ. ಆದರೆ ಅಲ್ಲಿ ನದಿಗೆ ಗಾಡಿ ದಾಟುವ ಸೇತುವೆಯಿಲ್ಲ, ಮೆಟ್ಟೂರು, ಪಾಲಾರ್ ಸುತ್ತಿ ಹೋಗಬೇಕು. ಕಾಡಿನಲ್ಲಿ ನಡೆಯಲೇಬೇಕೆನ್ನುವ ದೊಡ್ಡ ಮಕ್ಕಳಿದ್ದರೆ ತಮಿಳುನಾಡು ಅರಣ್ಯ ಇಲಾಖೆ 2024ರಲ್ಲಿ ಶುರುಮಾಡಿದ ಚಾರಣ ಯೋಜನೆಯಲ್ಲಿ ಮಾರ್ಗದರ್ಶಕರ ಜೊತೆ ಹೋಗಲಿ. ಥೇಣಿಯ ಕುರಂಗಣಿಯಲ್ಲಿ 2018ರ ಮಾರ್ಚ್‌ನಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತ ಮೇಲೆ ತಮಿಳುನಾಡಿನ ಚಾರಣ ನಿಯಮಗಳು ಬಿಗಿಯಾಗಿವೆ. ಬೇಸಿಗೆಯ ಬೆಂಕಿ ಕಾಲದಲ್ಲಿ ದಾರಿಗಳನ್ನು ಮುಚ್ಚುತ್ತಾರೆ.

ಬೆಂಕಿ ಉಗುಳಿದ ನೆಲ

ಕೃಷ್ಣಗಿರಿಯ ಸುತ್ತ ಬೋಳು ತಲೆಯ ದುಂಡು ಬೆಟ್ಟಗಳನ್ನು ನೋಡಿದ ಮಕ್ಕಳು, ಇವೆಲ್ಲ ಜ್ವಾಲಾಮುಖಿಗಳೇ ಎಂದು ಕೇಳಿಯೇ ಕೇಳುತ್ತಾರೆ. ಅಲ್ಲ. ಕೃಷ್ಣಗಿರಿಯ ಕೋಟೆಬೆಟ್ಟವಾಗಲಿ ರಾಯಕೋಟೆಯ ಬೆಟ್ಟವಾಗಲಿ ನೆಲದ ಆಳದಲ್ಲಿ ನಿಧಾನವಾಗಿ ಗಟ್ಟಿಯಾದ ಕಲ್ಲು. ಮೇಲಿದ್ದ ಮಣ್ಣು, ಬಂಡೆ ಕೋಟ್ಯಂತರ ವರ್ಷ ಸವೆದು ಹೋದ ಮೇಲೆ ಹೊರಗೆ ಕಾಣಿಸಿಕೊಂಡವು. ಕಲ್ಲಿನಲ್ಲಿ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಿದ್ದರೆ ಅದು ನಿಧಾನವಾಗಿ ಆರಿದ್ದು ಎಂದು ಮಕ್ಕಳಿಗೆ ತೋರಿಸಿಕೊಡಿ. ಲಾವಾ ಬೇಗ ಆರುತ್ತದೆ, ಅದರ ಹರಳು ಕಣ್ಣಿಗೆ ಕಾಣದಷ್ಟು ಸಣ್ಣದು. ಒಂದು ಭೂತಗನ್ನಡಿ ಇದ್ದರೆ ಮೂರು ದಿನವೂ ಈ ಆಟ ಮುಗಿಯುವುದಿಲ್ಲ.

ಹೊಗೇನಕಲ್ಲಿನಲ್ಲೇ ಇನ್ನೊಂದು ಅಪರೂಪವಿದೆ. ಅಲ್ಲಿ ಕಾರ್ಬೊನಟೈಟ್ ಎಂಬ ಬಂಡೆಯಿದೆ. ಭೂಮಿಯ ಆಳದಿಂದ ಸೀಳುಗಳಲ್ಲಿ ಏರಿಬಂದ ಕರಗಿದ ಸುಣ್ಣದ ಅಂಶದ ಬಂಡೆ ಅದು, ಸುಮಾರು 240 ಕೋಟಿ ವರ್ಷ ಹಳೆಯದು. ಜಗತ್ತಿನ ಅತಿ ಹಳೆಯ ಕಾರ್ಬೊನಟೈಟ್‌ಗಳ ಸಾಲಿನಲ್ಲಿ ಅದಕ್ಕೆ ಜಾಗವಿದೆ. ಕೃಷ್ಣಗಿರಿ ಜಿಲ್ಲೆಯ ಸಾಮಲ್‌ಪಟ್ಟಿಯಲ್ಲೂ ಅದೇ ಜಾತಿಯ ಕಲ್ಲಿದೆ. ಇಂಥ ಲಾವಾ ಇವತ್ತಿಗೂ ಉಕ್ಕುವ ಜ್ವಾಲಾಮುಖಿ ಭೂಮಿಯ ಮೇಲೆ ಒಂದೇ ಒಂದು, ತಾಂಜಾನಿಯಾದ ಓಲ್ ಡೊಇನ್ಯೊ ಲೆಂಗಾಯ್. ಅದರ ಲಾವಾ ಕಪ್ಪಗೆ, ನೀರಿನಷ್ಟು ತೆಳ್ಳಗೆ ಹರಿದು ಗಾಳಿಗೆ ಒಡ್ಡಿಕೊಂಡ ಮೇಲೆ ಬೆಳ್ಳಗಾಗುತ್ತದೆ. ಅದರ ವಿಡಿಯೊವನ್ನು ಹೊರಡುವ ಮುನ್ನ ಮನೆಯಲ್ಲಿ ತೋರಿಸಿಬಿಟ್ಟರೆ ಹೊಗೇನಕಲ್ಲಿನಲ್ಲಿ ಮಕ್ಕಳು ನೀರನ್ನು ನೋಡಿದಷ್ಟೇ ಕುತೂಹಲದಿಂದ ಕಲ್ಲನ್ನೂ ನೋಡುತ್ತಾರೆ.

ಮೂರನೆಯ ದಿನ ಬೆಳಿಗ್ಗೆ ಬೇಗನೆ ಟೆಂಟ್ ಮಡಚಿ, ಕುಪ್ಪಂ ದಾರಿಯಾಗಿ ಕೆಜಿಎಫ್ ಕಡೆ ಹೊರಡಿ. ಕೋಲಾರದ ಕಪ್ಪು ಶಿಲೆಯ ಪಟ್ಟಿ ಉತ್ತರ ದಕ್ಷಿಣವಾಗಿ ಸುಮಾರು 80 ಕಿ.ಮೀ. ಉದ್ದ, ಕೆಲವೇ ಕಿ.ಮೀ. ಅಗಲ. ಅದರ ದಕ್ಷಿಣದ ತುದಿ ಆಂಧ್ರದ ಚಿಗರಗುಂಟ ದಾಟಿ ಕೃಷ್ಣಗಿರಿ ಜಿಲ್ಲೆಯ ಮಹಾರಾಜಗಡೆಯ ಕಡೆಗೆ ಚಾಚಿದೆ. ಮೂರು ರಾಜ್ಯಗಳು ಹಂಚಿಕೊಂಡಿರುವ ಈ ಪಟ್ಟಿ ಬಹುಪಾಲು ಲಾವಾವೇ. ಕೆಜಿಎಫ್ ಬಳಿಯ ಪೆದ್ದಪಳ್ಳಿಯ ಬಂಡೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದೆ. ಅಲ್ಲಿ ಎರಡು ಬಗೆಯ ಗುರುತು ಹುಡುಕಬೇಕು. ಒಂದು, ಜ್ವಾಲಾಮುಖಿ ಸಿಡಿದಾಗ ಎಸೆದ ಬೂದಿಯೂ ಕಲ್ಲುಚೂರುಗಳೂ ಒಂದಕ್ಕೊಂದು ಅಂಟಿ ಗಟ್ಟಿಯಾದ ಬಂಡೆ. ಇನ್ನೊಂದು ದಿಂಬಿನಾಕಾರದ ಲಾವಾ. ನೀರಿನಡಿಯಲ್ಲಿ ಲಾವಾ ಉಕ್ಕಿದಾಗ, ಎಣ್ಣೆಗೆ ಬಿಟ್ಟ ಬೋಂಡದ ಹಿಟ್ಟಿನಂತೆ ಹೊರಗೆ ತಟ್ಟನೆ ಸಿಪ್ಪೆ ಕಟ್ಟಿ ಒಳಗೆ ಮೆತ್ತಗೇ ಇರುತ್ತದೆ. ಒಳಗಿನದು ಒತ್ತಿ ಸಿಪ್ಪೆ ಒಡೆದು ಪಕ್ಕದಲ್ಲಿ ಇನ್ನೊಂದು ಉಂಡೆಯಾಗುತ್ತದೆ. ಇವತ್ತು ನೀರಿಗೆ ಬಾಯಿಬಿಡುವ ಕೋಲಾರದಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು ಎಂಬುದಕ್ಕೆ ಆ ದಿಂಬುಗಳು ಸಾಕ್ಷಿ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಇವು ಇನ್ನೂ ಸ್ಪಷ್ಟವಾಗಿವೆ, ಅದು ಬೇರೆ ಪ್ರವಾಸದ ಮಾತು. ಬಂಡೆಗೆ ಸುತ್ತಿಗೆ ಹಾಕಬೇಡಿ, ಚೂರು ತರಬೇಡಿ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ನಾಣ್ಯವಿಟ್ಟರೆ ಗಾತ್ರ ತಿಳಿಯುತ್ತದೆ. ನೆರಳಿಲ್ಲದ ಜಾಗ, ಹತ್ತು ಗಂಟೆಯೊಳಗೆ ನೋಡಿ ಮುಗಿಸಿ.

ಅದೇ ಲಾವಾಪಟ್ಟಿಯ ಬಿರುಕುಗಳಲ್ಲಿ ಬಿಸಿನೀರು ತಂದಿಟ್ಟ ಚಿನ್ನವನ್ನು ಹುಡುಕುತ್ತಾ ಮನುಷ್ಯರು ಚಾಂಪಿಯನ್ ರೀಫ್‌ನಲ್ಲಿ 3 ಕಿ.ಮೀ.ಗಿಂತ ಆಳಕ್ಕೆ ಇಳಿದರು. ಅದಕ್ಕೆ ಬೇಕಾದ ವಿದ್ಯುತ್ ಬಂದದ್ದು ಕಾವೇರಿಯದೇ ಇನ್ನೊಂದು ಜಲಪಾತದಿಂದ. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 150 ಕಿ.ಮೀ. ತಂತಿಯಲ್ಲಿ ಹರಿದು ಕೆಜಿಎಫ್ ತಲುಪಿತು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಅದಾದ ಮೇಲೆ, 1905ರಲ್ಲಿ. ಮೊದಲ ದಿನ ನೋಡಿದ ನದಿಯೂ ಮೂರನೆಯ ದಿನದ ಈ ನೆಲವೂ ಹೀಗೆ ನಂಟರು. ಕಾರಿನಲ್ಲಿ ಮಕ್ಕಳಿಗೆ ಹೇಳಿಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ಗೊತ್ತಿಲ್ಲ.

ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಒಳಗೆ ಹೋಗಲು ಬಿಡುವುದಿಲ್ಲ, ಬಿಟ್ಟ ಬಾವಿಗಳ ಹತ್ತಿರ ಸುಳಿಯಲೂಬಾರದು. ಊರ ನಡುವೆ ಬೂದುಬಣ್ಣದ ದೊಡ್ಡ ದಿಬ್ಬಗಳು ಕಾಣುತ್ತವೆ. ಚಿನ್ನ ತೆಗೆದ ಮೇಲೆ ಸುರಿದ ಅದಿರಿನ ಪುಡಿ ಅದು, ಸೈನೈಡ್ ದಿಬ್ಬ ಎಂದೇ ಊರವರು ಕರೆಯುತ್ತಾರೆ. ಸಿನಿಮಾದಲ್ಲಿ ನೋಡಿ ಮಕ್ಕಳು ಹತ್ತಲು ಹಟ ಮಾಡಬಹುದು. ಗಾಳಿಗೆ ಏಳುವ ಆ ನುಣುಪು ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ. ದಶಕಗಳಿಂದ ಅದನ್ನು ಉಸಿರಾಡುತ್ತಾ ಬಂದಿರುವ ಊರಿನವರ ಮುಂದೆ ಅದನ್ನು ಆಟದ ಮೈದಾನ ಮಾಡಿಕೊಳ್ಳುವುದೂ ಸಲ್ಲದು. ರಸ್ತೆಯಿಂದಲೇ ನೋಡಿ. ರಾಬರ್ಟ್‌ಸನ್‌ಪೇಟೆಯಲ್ಲಿ ಊಟ ಮುಗಿಸಿ, ಹಿರಿಯರಿಗೆ ಇಷ್ಟವಿದ್ದರೆ ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋಗಿ, ಬಂಗಾರಪೇಟೆ, ಮಾಲೂರಿನ ಮೇಲೆ ಹೊಸೂರಿಗೆ ಹಿಂದಿರುಗಬಹುದು. ಹೊಸೂರಿನ ಕೈಗಾರಿಕೆಗಳ ಸಂಜೆಯ ಪಾಳಿ ಬಿಡುವ ಮೊದಲೇ ಊರು ಸೇರುವಂತೆ ಮಧ್ಯಾಹ್ನ ಮೂರಕ್ಕೆಲ್ಲ ಕೆಜಿಎಫ್ ಬಿಡಿ. ಮನೆಗೆ ಬಂದ ಮರುದಿನ ಟೆಂಟನ್ನು ಮಹಡಿಯ ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿ ಒಳಗಿಡಿ. ಇಬ್ಬನಿ ಆರದ ಬಟ್ಟೆ ಚೀಲದೊಳಗೆ ಒಂದೇ ವಾರದಲ್ಲಿ ಬೂಸಲು ಹಿಡಿಯುತ್ತದೆ.